ಪಂಪಿನ ಕೋಣೆಯಿಂದ ಬಂದ ಫೋಟೋಗಳು

ಸ್ಟುಡಿಯೋ ಮುಚ್ಚಿದ ಮೇಲೆ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ಜೀವಮಾನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆದವರು, ಊಟಕ್ಕೆ ಕೂತ ಮಗನಿಗೂ "ಗಲ್ಲ ಸ್ವಲ್ಪ ಎತ್ತೋ" ಎನ್ನುತ್ತಿದ್ದರು. ಮಗ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದ. ಕೊನೆಗೆ ಅವರು ಸೊಸೆಯ ಬೆನ್ನು ಬಿದ್ದರು. ಸೊಸೆ ಮನೆಯಲ್ಲೇ ಕೂತು ಒಬ್ಬಳೇ ಒಂದು ವಿಡಿಯೋ ಗೇಮ್ ಮಾಡುತ್ತಿದ್ದಳು.

"ಇದರಲ್ಲಿ ಹೊಡೆದಾಟ ಇಲ್ವಾ?" ಅತ್ತೆ ಒಂದು ದಿನ ಹೆಗಲ ಮೇಲಿಂದ ಇಣುಕಿ ಕೇಳಿದರು.

"ಇಲ್ಲ ಅತ್ತೆ. ಪಾಳುಬಿದ್ದ ಈಜುಕೊಳದ ಕಟ್ಟಡ ಇದು. ಒಳಗೆಲ್ಲ ಸುಮ್ಮನೆ ತಿರುಗಾಡೋದು, ಚೆನ್ನಾಗಿ ಕಂಡಿದ್ದನ್ನ ಫೋಟೋ ತೆಗೆಯೋದು. ಆಡೋರ ಮನಸ್ಸು ಹಗುರ ಆಗ್ಬೇಕು, ಅಷ್ಟೇ."

"ಸೋಲೋದೂ ಇಲ್ವಾ?"

"ಇಲ್ಲ."

"ಹಾಗಾದ್ರೆ ಇದು ನನ್ನಂಥೋರ ಆಟ. ಆದ್ರೆ ನಿನ್ನ ಗೋಡೆಗಳು ನಿನ್ನೆ ಸುಣ್ಣ ಹೊಡೆದ ಹಾಗಿವೆ ಕಣೇ. ಪಾಳು ಅಂದ್ರೆ ಹೀಗಾ ಇರೋದು?"

ಮಾರನೇ ದಿನವೇ ಅತ್ತೆ ಊರಿನ ಹಳೇ ಈಜುಕೊಳದ ವಾಚ್‌ಮನ್‌ನನ್ನು ಮಾತಾಡಿಸಿ ಒಳಗೆ ಹೋಗಲು ಒಪ್ಪಿಗೆ ತಂದರು. ವರ್ಷಗಳಿಂದ ಮುಚ್ಚಿದ್ದ ಕಟ್ಟಡ ಅದು. ಅಲ್ಲಿ ಅವರು ಕ್ಯಾಮೆರಾದಲ್ಲಿ ತೆಗೆದಿದ್ದೆಲ್ಲ ಚೀಲದಲ್ಲಿದ್ದ ಅವರ ಫೋನಿಗೆ ಹೋಗಿ, ಅಲ್ಲಿಂದ ಮನೆಯಲ್ಲಿದ್ದ ಸೊಸೆಗೆ ತಾನಾಗಿಯೇ ಬಂದು ಬೀಳುತ್ತಿತ್ತು. ಒಡೆದ ಟೈಲ್ಸು, ಪಾಚಿ, ತುಕ್ಕು ಎಲ್ಲವನ್ನೂ ಸೊಸೆ ಆಟದ ಗೋಡೆಗಳಿಗೆ ಅಂಟಿಸುತ್ತಿದ್ದಳು. ಅವಳು ಮಾತ್ರ ಒಮ್ಮೆಯೂ ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ.

ಒಂದು ದಿನ ಮಧ್ಯಾಹ್ನ ಮೊದಲು ಸಾಲು ಶವರುಗಳ ಫೋಟೋ ಬಂತು. ಆಮೇಲೆ ನೆಲದಲ್ಲಿ ಮುಚ್ಚಳ ತೆಗೆದಿಟ್ಟ ಒಂದು ಚೌಕ ಬಾಯಿ, ಅದರ ಕೆಳಗೆ ಹಳೇ ಪಂಪು. ಆಮೇಲೆ ಕಲಸಿಹೋದ ಚಿತ್ರವೊಂದು. ಅದರ ಹಿಂದೆಯೇ ಬರೀ ಕಪ್ಪು. ಮತ್ತೆ ಕಪ್ಪು.

ಸ್ವಲ್ಪ ಹೊತ್ತಿಗೆ ಫ್ಲಾಶ್ ಬೆಳಕಿನಲ್ಲಿ ತೆಗೆದ ಕಬ್ಬಿಣದ ಏಣಿಯ ಫೋಟೋ ಬಂತು. ಅರ್ಧ ಮೇಲೆ ಜೋತಾಡುತ್ತಿದೆ, ಇನ್ನರ್ಧ ಇಲ್ಲ. 'ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ' ಅಂದುಕೊಂಡು ಸೊಸೆ ಖುಷಿಯಿಂದ ತೆಗೆದಿಟ್ಟುಕೊಂಡಳು.

ಮುಂದಿನದರಲ್ಲಿ ಅತ್ತೆಯ ಅಂಗೈ. ಅದರ ನಂತರದ್ದರಲ್ಲಿ ಮೊಣಕಾಲವರೆಗೆ ಕಪ್ಪು ನೀರು.

ಫೋಟೋದ ಅಂಚಿಗೆ ಬೆರಳಿನ ನೆರಳು ಬಿದ್ದರೂ ಅನ್ನ ಸೇರದ ಅತ್ತೆ ಬೇಕೆಂದೇ ಕೈ ಅಡ್ಡ ಹಿಡಿದಿದ್ದಾರೆ! ಸೊಸೆ ಫೋನ್ ಮಾಡಿದಳು. ರಿಂಗಾಯಿತು, ಎತ್ತುವವರಿಲ್ಲ. ಏಣಿ ಮುರಿದು ಅತ್ತೆ ಕೆಳಗೆ ಬಿದ್ದಿದ್ದಾರೆ, ಫೋನಿದ್ದ ಚೀಲ ಮೇಲೆಲ್ಲೋ ಇದೆ. ಕೈಯಲ್ಲಿರುವುದು ಕ್ಯಾಮೆರಾ ಒಂದೇ.

ಸ್ಕೂಟರ್ ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಗೇಟಿನ ಬಳಿ ವಾಚ್‌ಮನ್‌ನ ಕುರ್ಚಿ ಖಾಲಿ. ಕೂಗಿದಳು, ಉತ್ತರವಿಲ್ಲ. ಒಳಗೆ ನುಗ್ಗಿದಳು. ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಅಗಲವಾದ ಮೊಗಸಾಲೆ, ಅದರ ತುದಿಗೆ ಶವರುಗಳು. ತಿಂಗಳುಗಟ್ಟಲೆ ಅದೇ ದಾರಿಯಲ್ಲಿ ಓಡಾಡಿದವಳು ಅವಳು. ಓಡಿ ಎಡಕ್ಕೆ ತಿರುಗಿದಳು, ಹೋಗಿ ಗೋಡೆಗೆ ಡಿಕ್ಕಿ ಹೊಡೆದಳು.

ಮೊಗಸಾಲೆಯೇ ಇರಲಿಲ್ಲ. ಬೆಳಕು ಚೆನ್ನಾಗಿರಲಿ ಎಂದು ಆಟದಲ್ಲಿ ಅವಳೇ ಇಟ್ಟಿದ್ದ ಮೊಗಸಾಲೆ ಅದು, ಅವಳೇ ತೆರೆದ ಕಿಟಕಿಗಳು. ಇಲ್ಲಿ ಬರೀ ಕತ್ತಲು, ಒಂದೇ ತರದ ಬಾಗಿಲುಗಳು, ಕೊಳೆತ ವಾಸನೆ. ಯಾವ ಬಾಗಿಲು ಅಂತ ಹುಡುಕುವುದು?

ಕೈಯಲ್ಲಿದ್ದ ಫೋನು ಕುಣಿಯಿತು. ಇನ್ನೊಂದು ಫೋಟೋ. ಅತ್ತೆಯ ಮುಖ. ಒದ್ದೆ ಕೂದಲು ಹಣೆಗೆ ಅಂಟಿದೆ, ಕಣ್ಣು ನೇರ ಇವಳನ್ನೇ ನೋಡುತ್ತಿದೆ. ನೀರು ಸೊಂಟ ದಾಟಿದೆ.

"ಅತ್ತೇ!" ಎಂದು ಕೂಗಿದಳು. ಮತ್ತೆ ಅತ್ತೆಯ ನಂಬರು ಒತ್ತಿದಳು. ದೂರದಲ್ಲೆಲ್ಲೋ ರಿಂಗಿನ ಸದ್ದು. ಗೋಡೆ ತಡವುತ್ತ ಸದ್ದಿನ ಹಿಂದೆ ಹೋದಳು. ಬೆಂಚಿನ ಮೇಲೆ ಅತ್ತೆಯ ಚೀಲ ಸಿಕ್ಕಿತು. ಅದರಾಚೆ ನೆಲದ ಚೌಕ ಬಾಯಿಂದ ಫಳ್ಳೆಂದು ಫ್ಲಾಶ್ ಬೆಳಕು ಎದ್ದು ಆರಿತು.

ಅಂಚಿಗೆ ಬಂದು ಬಗ್ಗಿದಳು. ಕೂಗಿ ಕೂಗಿ ಅತ್ತೆಯ ಗಂಟಲು ಕಟ್ಟಿಹೋಗಿತ್ತು.

"ಬಂದ್ಯಾ... ನೀರು ಏರ್ತಾನೇ ಇದೆ ಕಣೇ. ಕಾಲು ಊರೋಕೆ ಆಗ್ತಿಲ್ಲ."

ಸೊಸೆ ಹಿಂಬಾಗಿಲಿನಿಂದ ಹೊರಗೆ ಓಡಿದಳು. ಹಿತ್ತಲಲ್ಲಿ ವಾಚ್‌ಮನ್ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ, ಕಿವಿಗೆ ಹಾಡು ಸಿಕ್ಕಿಸಿಕೊಂಡು.

"ನೀರು ನಿಲ್ಸಿ! ಅತ್ತೆ ಕೆಳಗಿದ್ದಾರೆ!"

ಅವನು ಬೆಚ್ಚಿ ಕಿವಿಯಿಂದ ವೈರು ಕಿತ್ತ. "ಅಯ್ಯೋ, ಈ ನೀರಿನ ಪೈಪು ಆ ಪಂಪಿನ ಕೋಣೆಯೊಳಗೇ ಒಡೆದಿದೆ ಅಮ್ಮ... ಅವರು ಹೊರಟುಹೋದ್ರು ಅಂದ್ಕೊಂಡೆ!"

ಅವನು ನೀರು ನಿಲ್ಲಿಸಿ, ಬಲ್ಬು ಬದಲಿಸುವ ಮರದ ಏಣಿ ತಂದು ಇಳಿಬಿಟ್ಟು ಹಿಡಿದ. ಸೊಸೆ ಇಳಿದಳು. ಕತ್ತಲಲ್ಲಿ ಅತ್ತೆಯ ಕೈ ಸಿಕ್ಕಿತು, ಮಂಜುಗಡ್ಡೆಯಂತಿತ್ತು. ಇನ್ನೊಂದು ಕೈಯಲ್ಲಿ ಅವರು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು.

"ಮೊದಲು ಇದನ್ನ ತಗೋ."

"ಅದು ಹಾಳಾಗಿ ಹೋಗ್ಲಿ, ನೀವು ಹತ್ತಿ ಅತ್ತೆ!"

ಅತ್ತೆಯ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ಸಂಜೆ ಅತ್ತೆ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು, ಕಂಬಳಿ ಹೊದ್ದು ಮಲಗಿದ್ದರು. "ಪಂಪಿನ ಕೋಣೆ ಆಟಕ್ಕೆ ಹಾಕ್ತೀಯ ತಾನೇ?"

"ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ, ಅದರ ಸುದ್ದಿ ಎತ್ಬೇಡಿ." ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಉಕ್ಕಿ ಬಂತು. ಕೈಯಲ್ಲಿದ್ದ ಬಿಸಿನೀರಿನ ಲೋಟ ತುಳುಕಿತು.

ಅತ್ತೆ ಅವಳ ತಲೆ ನೇವರಿಸಿದರು. "ನನಗೂ ಜೀವ ಹೋದ ಹಾಗಾಗಿತ್ತು ಕಣೇ. ಮುಖದ ಫೋಟೋ ಸಹಾಯಕ್ಕೆ ಅಂತ ತೆಗೆದಿದ್ದಲ್ಲ. ಊರೋರ ಮುಖವೆಲ್ಲ ತೆಗೆದೆ, ನನ್ನ ಮಗನ ಹತ್ರ ನನ್ನದೊಂದು ಒಳ್ಳೇ ಫೋಟೋನೂ ಇಲ್ಲವಲ್ಲ ಅನ್ನಿಸ್ತು."

ಸೊಸೆ ಕಂಬಳಿ ಸರಿಮಾಡಿ ಹೊದಿಸಿದಳು.

ಕಾಲು ಸರಿಹೋದ ಮೇಲೆ ಅತ್ತೆ ಮತ್ತೆ ಕ್ಯಾಮೆರಾ ಹೆಗಲಿಗೇರಿಸಿದರು. ಈ ಸಲ ಹಳೇ ಗೋದಾಮು. ಸೊಸೆ ಬೇಡ ಎನ್ನಲಿಲ್ಲ, ತಾನೂ ಜೊತೆಗೆ ಹೊರಟಳು. ಅತ್ತೆ ಒಂದು ಕಂಬದ ಮರೆಗೆ ಸರಿದರೂ "ಅತ್ತೇ?" ಎಂದು ಕೂಗುವಳು. "ಇದ್ದೀನಿ ಕಣೇ, ಎಲ್ಲೂ ಹೋಗಿಲ್ಲ!" ಎಂದು ಅತ್ತೆ ರೇಗುವವರೆಗೂ ಅವಳು ಹೆಜ್ಜೆ ಮುಂದಿಡುತ್ತಿರಲಿಲ್ಲ.