ಪ್ಲಾಸ್ಟಿಕ್ಕಮ್ಮನ ಸುಸ್ತು

ಮೂಡುಬಿದಿರೆಯ ಆ ನರ್ಸಿಂಗ್ ಕಾಲೇಜಿನಲ್ಲಿ ಸಿಮ್ಯುಲೇಶನ್ ಲ್ಯಾಬ್ ಅಂತ ಒಂದು ಕೋಣೆ. ಮಕ್ಕಳ ಬಾಯಲ್ಲಿ ಅದು ‘ಸಾಯುಲೇಶನ್’. ಒಳಗೆ ಮಲಗಿರುವ ಗೊಂಬೆ ಪ್ಲಾಸ್ಟಿಕ್ಕಮ್ಮ ಉಸಿರಾಡ್ತಾಳೆ, ಮಾತಾಡ್ತಾಳೆ, ಮಕ್ಕಳು ತಪ್ಪಿದ್ರೆ ಸಾಯ್ತಾಳೆ. ಮಾತು ಮಾತ್ರ ಗಾಜಿನಾಚೆ ಮೈಕ್ ಹಿಡಿದು ಕೂತ ಪದ್ಮಾಕ್ಷಿ ಮೇಡಂದು.

ಹೋದ ವಾರ ಅರ್ಧ ಕ್ಲಾಸು ಅವಳನ್ನು ಕೊಂದಿತ್ತು. ಅದರಲ್ಲಿ ಸುರಕ್ಷಾಳೂ ಒಬ್ಬಳು. “ಸುಸ್ತು ಮಗಾ, ಒಂದು ಬಾಟ್ಲಿ ಹಾಕು” ಅಂತ ಗೊಂಬೆ ಹೇಳಿದ್ದೇ ತಡ, ಹಿಂದೆಮುಂದೆ ಕೇಳದೆ ಡ್ರಿಪ್ ಹಾಕಿದ್ದಳು. ತನ್ನೂರು ವಿಟ್ಲದಲ್ಲಿ ಸುಸ್ತಾದವರೆಲ್ಲ ಬಾಟ್ಲಿ ಹಾಕಿಸಿಕೊಂಡು ಸಂಜೆ ನಡೆದೇ ಮನೆಗೆ ಬರುವುದನ್ನು ನೋಡಿ ಬೆಳೆದವಳು. ಆದ್ರೆ ಪ್ಲಾಸ್ಟಿಕ್ಕಮ್ಮನದ್ದು ಸೋತ ಹೃದಯ. ಬಾಟ್ಲಿಯ ನೀರೆಲ್ಲ ಶ್ವಾಸಕೋಶ ಸೇರಿತು.

ಇವತ್ತು ಮರುಪರೀಕ್ಷೆ. ಇದೂ ಮರಣೋತ್ತರ ಪರೀಕ್ಷೆಯಾದ್ರೆ ವಾರ್ಡಿಗೆ ಬಿಡುವುದಿಲ್ಲ, ಜೂನಿಯರ್‌ಗಳ ಜೊತೆ ಇನ್ನೊಂದು ವರ್ಷ. ಬಿ.ಸಿ.ರೋಡ್‌ವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ನೇತು ಬಂದ ಸುರಕ್ಷಾಳಿಗೆ, ಗೊಂಬೆಯನ್ನು ಸರಿಸಿ ತಾನೇ ಮಲಗುವ ಅನ್ನಿಸುತ್ತಿತ್ತು.

“ಸುಸ್ತು ಮಗಾ. ಒಂದು ಬಾಟ್ಲಿ ಹಾಕು.”

ಅದೇ ಮಾತು! ‘ಇಲ್ಲ’ ಅನ್ನಲು ಬಾಯಿ ತೆರೆದವಳು ತಡೆದುಕೊಂಡಳು.

“ಯಾವಾಗಿಂದ ಅಮ್ಮ?”

“ನಿನ್ನೆಯಿಂದ. ತಿಂದದ್ದೆಲ್ಲ ವಾಂತಿ, ಭೇದಿ.”

“ಮೂತ್ರ ಹೋಯ್ತಾ?”

“ಬೆಳಿಗ್ಗೆಯಿಂದ ಇಲ್ಲ. ನೀನು ಬಾಟ್ಲಿ ಹಾಕ್ತೀಯಾ, ಪಂಚಾಯ್ತಿ ಮಾಡ್ತೀಯಾ?”

ಸ್ಟೆತೊಸ್ಕೋಪ್ ಇಟ್ಟಳು. ಶ್ವಾಸಕೋಶ ಸ್ವಚ್ಛ. ನಾಡಿ ಓಡ್ತಾ ಉಂಟು, ಬಿ.ಪಿ. ಇಳಿದಿದೆ. ಡಾಕ್ಟರಿಗೆ ಫೋನ್ ಮಾಡಿದಳು. ಡಾಕ್ಟರೂ ಮೇಡಮ್ಮೇ, ಗಂಟಲು ಮಾತ್ರ ದಪ್ಪ.

“ಪುನಃ ಬಾಟ್ಲಿಯಾ? ಹೋದ ವಾರ ಕೊಂದದ್ದು ಸಾಕಾಗಲಿಲ್ವಾ?”

“ಇದು ಬೇರೆ ಸುಸ್ತು, ಸರ್. ಮೈಯಲ್ಲಿ ನೀರಿಲ್ಲ,” ಅಂತ ಕೇಳಿದ್ದು, ನೋಡಿದ್ದು ಎಲ್ಲ ಹೇಳಿದಳು.

“ಹಾಕಿ.”

ಬಾಟ್ಲಿ ತೂಗುಹಾಕಿದಳು. ಹನಿ ಬಿತ್ತು. ಮತ್ತೆ ಮತ್ತೆ ಎದೆಗೆ ಕಿವಿಗೊಟ್ಟಳು. ಮಾನಿಟರಿನಲ್ಲಿ ಬಿ.ಪಿ. ಸೋಮಾರಿಯ ಹಾಗೆ ಮೇಲೆದ್ದಿತು.

ಪದ್ಮಾಕ್ಷಿ ಮೇಡಂ ಗಾಜಿನಾಚೆಯಿಂದ ಬಂದು ಸ್ಟೂಲಿನ ಮೇಲೆ ಕುಸಿದರು. “ಬೆಳಿಗ್ಗೆಯಿಂದ ಸತ್ತು ಸತ್ತು ಸಾಕಾಯ್ತು ಮಾರಾಯ್ತಿ. ಹೋದ ವಾರ ಹಾಕಿ ಕೊಂದವರು ಇವತ್ತು ಹಾಕದೆ ಕೊಂದರು. ನೀನು ಸೋಮವಾರದಿಂದ ವಾರ್ಡಿಗೆ ಹೋಗು. ಅಲ್ಲಿ ಮೂವತ್ತು ಮಂಚ. ಎಲ್ಲರಿಗೂ ಸುಸ್ತೇ.”

“ಒಬ್ಬೊಬ್ಬರನ್ನೂ ಇಷ್ಟೇ ಕೇಳಬೇಕಾ ಮೇಡಂ?”

“ಮತ್ತೆ?”