ತೊಟ್ಟಿಲು ಕಾದ ಗುಂಡಪ್ಪ

ನಾನು ಒಂದು ಗುಂಡುಕಲ್ಲು. ಒರಳಿನ ಕುಳಿಯಲ್ಲಿ ಕೂತು ಗರಗರನೆ ತಿರುಗುತ್ತ ಚಟ್ನಿ ಅರೆಯುವುದು ನನ್ನ ಕಸುಬು. ಕೈಕಾಲಿಲ್ಲ, ಕುತ್ತಿಗೆಯಿಲ್ಲ, ಮೈಯೆಲ್ಲ ಹೊಟ್ಟೆಯೇ. ಆದರೂ ಬೆಟಗೇರಿಯ ಈ ಮನೆಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನಾನೇ ಅಣ್ಣ. ಅದು ಹೇಗೆ ಅಂತೀರಾ, ಹೇಳುತ್ತೇನೆ.

ಗಜೇಂದ್ರಗಡದ ಕಡೆಯ ಒಂದು ಗುಡ್ಡದಲ್ಲಿ ಬಂಡೆಯ ಚೂರಾಗಿ ಬಿದ್ದುಕೊಂಡಿದ್ದೆ. ಕಲ್ಲುಕುಟಿಗನೊಬ್ಬ ಉಳಿಯಿಂದ ಕೆತ್ತಿ ಕೆತ್ತಿ ನನ್ನನ್ನು ಗುಂಡಗೆ ಮಾಡಿದ. ಒಂದೊಂದು ಪೆಟ್ಟಿಗೂ ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆಗಷ್ಟೇ ಮದುವೆಯಾಗಿದ್ದ ಫಕೀರವ್ವ ಸಂತೆಯಲ್ಲಿ ನನ್ನನ್ನು ಎರಡೂ ಕೈಯಿಂದ ಎತ್ತಿ ನೋಡಿ, "ಇದು ಹಗೂರ ಐತಿ, ಇದನ್ನ ಕೊಡಪಾ" ಎಂದಳು. ಕಲ್ಲಿಗೆ ಹಗುರ ಅನ್ನುವುದೇ? ಸ್ವಲ್ಪ ಬೇಸರವಾಯಿತು, ಆದರೆ ಅವಳ ಕೈ ಬೆಚ್ಚಗಿತ್ತು.

ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ. ನನಗೆ ಸ್ನಾನ ಮಾಡಿಸಿ, ಅರಿಷಿಣ ಕುಂಕುಮ ಹಚ್ಚಿ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆಯನ್ನು ನನಗೇ ತೊಡಿಸುತ್ತಾರೆ. ಆ ಹೊತ್ತಿಗೆ ನನ್ನ ಹೆಸರು ಗುಂಡಪ್ಪ. ಹೆಂಗಸರು ತೊಟ್ಟಿಲು ತೂಗಿ, "ಗುಂಡಪ್ಪನಂಗ ಗಟ್ಟಿ ಇರಲಿ" ಎಂದು ಹರಸುತ್ತಾರೆ. ಆಮೇಲೆ ನನ್ನನ್ನು ತೆಗೆದು ಮೂಲೆಗೆ ಇಟ್ಟು, ಕೂಸನ್ನು ಮಲಗಿಸಿ ಸಕ್ಕರೆ ಹಂಚುತ್ತಾರೆ. ಗುಂಡಪ್ಪನಿಗೆ ಒಂದು ಹರಳು ಸಕ್ಕರೆಯೂ ಇಲ್ಲ.

ಫಕೀರವ್ವನ ಮಗ ಕಳಕಪ್ಪನಿಗೆ ಹೀಗೆ ಜಾಗ ಬಿಟ್ಟುಕೊಟ್ಟೆ. ಅವನು ದೊಡ್ಡವನಾಗಿ ಮೂರು ಗಾಲಿಯ ಟಂಟಂ ಗಾಡಿ ಓಡಿಸತೊಡಗಿದ, ಸುವರ್ಣಾಳನ್ನು ಮದುವೆಯಾದ, ಅವರಿಗೊಂದು ಹೆಣ್ಣುಕೂಸು ಹುಟ್ಟಿತು. ಮತ್ತೆ ನಾನು ಕುಂಚಿಗೆ ತೊಟ್ಟೆ. ಕೂಸಿಗೆ ಸಿಂಚನಾ ಎಂದು ಹೆಸರಿಟ್ಟರು. ಫಕೀರವ್ವನ ಬಾಯಲ್ಲಿ ಅದು ಅಂದೇ ಸಿಂಚವ್ವ ಆಯಿತು.

ಅವತ್ತು ಬಂದವರೆಲ್ಲ ಕೂಸನ್ನು ಎತ್ತಿ ಮುದ್ದಿಟ್ಟರು. ಅವರಲ್ಲಿ ಒಬ್ಬಿಬ್ಬರಿಗೆ ನೆಗಡಿಯೂ ಇತ್ತು, ಸೀನುತ್ತಲೇ ಮುದ್ದಿಟ್ಟರು. ಯಾರೂ ಏನೂ ಅನ್ನಲಿಲ್ಲ. ವಾರದೊಳಗೆ ಸಿಂಚವ್ವನ ಮೂಗು ಕಟ್ಟಿತು, ಕೆಮ್ಮು ಬಂತು, ಎದೆ ಗೊರಗೊರ ಅನ್ನತೊಡಗಿತು. ಫಕೀರವ್ವ ಪ್ರೀತಿಯಿಂದಲೇ ಲೋಬಾನದ ಹೊಗೆ ಹಾಕಿದಳು, ಒಂದರ ಮೇಲೊಂದು ಬಟ್ಟೆ ಸುತ್ತಿದಳು. ಕೂಸು ದಿನವಿಡೀ ಅತ್ತಿತು. ಮರುದಿನ ಬೆಳಗಿನ ಹೊತ್ತಿಗೆ ಅಳು ನಿಂತಿತ್ತು.

ಸುವರ್ಣಾ ಬಳ್ಳೊಳ್ಳಿ ಚಟ್ನಿ ಅರೆಯುತ್ತಿದ್ದಳು, ನಾನು ಅವಳ ಕೈಯಲ್ಲಿ ತಿರುಗುತ್ತಿದ್ದೆ. ತೊಟ್ಟಿಲ ಹತ್ತಿರದಿಂದ ಫಕೀರವ್ವ ಸಮಾಧಾನದಿಂದ ಅಂದಳು: "ಗುಣಾ ಆತ ನೋಡವಾ. ಕೂಸು ಗುಂಡಪ್ಪನಂಗ ಸುಮ್ಮನ ಮಲಗೇತಿ."

ನನ್ನ ಮೇಲಿದ್ದ ಕೈ ಗಕ್ಕನೆ ನಿಂತಿತು. ಸುವರ್ಣಾ ನನ್ನನ್ನೊಮ್ಮೆ ನೋಡಿದಳು. ನಾನು ಸುಮ್ಮನಿರುವುದು ಕಲ್ಲಾದ್ದರಿಂದ. ಉಸಿರಾಡುವ ಕೂಸು ನನ್ನ ಹಾಗೆ ಯಾಕೆ ಮಲಗಬೇಕು? ಅವಳು ಎದ್ದೋಡಿ ಸುತ್ತಿದ ಬಟ್ಟೆಗಳನ್ನೆಲ್ಲ ಬಿಚ್ಚಿದಳು. "ಅತ್ತಿ, ಉಸಿರು ಎಳದಾಗೊಮ್ಮೆ ಪಕ್ಕೆಲಬು ಒಳಗ ಸೆಳ್ಯಾಕತ್ತೇತಿ. ತುಟಿ ನೀಲಿ ಆಗೇತಿ. ಹಾಲೂ ಕುಡಿವಲ್ದು" ಎಂದಳು. ಕಳಕಪ್ಪ ಟಂಟಂ ಹೊರಗೆ ತೆಗೆದ. ಕೂಸನ್ನು ಎದೆಗವಚಿಕೊಂಡು ಸುವರ್ಣಾ ಹತ್ತಿದಳು. ಚಟ್ನಿ ಅರೆಬರೆಯಾಗಿ ಒರಳಿನಲ್ಲೇ ಉಳಿಯಿತು.

ಮಧ್ಯಾಹ್ನ ದವಾಖಾನೆಯಿಂದ ಕಳಕಪ್ಪನ ಫೋನು ಬಂತು. "ಆಕ್ಸಿಜನ್ ಹಚ್ಯಾರವ್ವ. ಕೂಸಿಗೆ ಗುಣಾ ಆಗಿರಲಿಲ್ಲಂತ, ಉಸಿರು ತಗೊಂಡು ತಗೊಂಡು ದಣದು ಸುಮ್ಮನಾಗಿತ್ತಂತ. ಈಗ ಏನೂ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟರ್." ಕೂಸಿನ ಹತ್ತಿರ ತಾಯಿಯನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ, ನೀನು ಮನೆಯಲ್ಲೇ ಇರು ಎಂದ.

ಫಕೀರವ್ವ ಗೋಡೆಗೊರಗಿ ಕೂತಳು. ಕಿಟಕಿಯಿಂದ ಗಾಳಿ ಬಂದು ಖಾಲಿ ತೊಟ್ಟಿಲು ಮೆಲ್ಲಗೆ ತೂಗಾಡಿತು. ಖಾಲಿ ತೊಟ್ಟಿಲು ತೂಗಬಾರದು, ಕೂಸಿಗೆ ಒಳ್ಳೆಯದಲ್ಲ ಎಂದು ನಂಬಿದ ಜೀವ ಅದು. ಕಿಟಕಿ ಮುಚ್ಚಿದಳು, ತೊಟ್ಟಿಲನ್ನು ಕೈಯಿಂದ ಹಿಡಿದು ನಿಂತಳು. ಎಷ್ಟು ಹೊತ್ತು ಹಿಡಿದು ನಿಲ್ಲಲಾದೀತು? ಕೊನೆಗೆ ನನ್ನನ್ನು ಒರಳಿನಿಂದ ಎತ್ತಿ, ಬಳ್ಳೊಳ್ಳಿಯ ವಾಸನೆ ಹೋಗುವ ತನಕ ತೊಳೆದು, ಸೆರಗಿನಿಂದ ಒರೆಸಿ, ಸಿಂಚವ್ವನ ಜಾಗದಲ್ಲಿ ಮಲಗಿಸಿದಳು.

"ಆಕಿ ಬರೂತನಕ ಜಾಗಾ ಕಾಯಪಾ" ಎಂದಳು. "ನಿನ್ನಂಗ ಇರಲಿ ಅಂತ ಬೇಡ್ಕೊಂಡಿದ್ದೆ. ನಿನ್ನಂಗ ಬ್ಯಾಡೋ ಗುಂಡಪ್ಪಾ. ಅಳಲಿ. ಮನಿ ಹಂಚು ಹಾರಿ ಹೋಗೂವಂಗ ಅಳಲಿ" ಎಂದು ತಾನೇ ಅತ್ತಳು. ನನಗೂ ಉಸಿರಿದ್ದಿದ್ದರೆ ಆ ಕೂಸಿಗೆ ಕೊಟ್ಟುಬಿಡುತ್ತಿದ್ದೆ. ಏನು ಮಾಡುವುದು, ಭಾರವೊಂದು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಅದನ್ನೇ ಕೊಟ್ಟು ತೊಟ್ಟಿಲನ್ನು ಅಲುಗದಂತೆ ಹಿಡಿದೆ.

ಅವಳು ದಿನವೂ ನನ್ನನ್ನು ಮಾತಾಡಿಸಿಯೇ ಊಟಕ್ಕೆ ಕೂರುತ್ತಿದ್ದಳು, ಉಂಡದ್ದು ಮಾತ್ರ ಅಷ್ಟಕ್ಕಷ್ಟೆ. ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಸುವರ್ಣಾಳ ಫೋನು ಬಂತು. "ಕೇಳ್ರಿ ಅತ್ತಿ" ಎಂದಳು, ಅಷ್ಟೇ. ಹಿಂದೆಯೇ ಸಿಂಚವ್ವನ ಅಳು ಕೇಳಿಸಿತು. ಹಸಿವಿನ ಅಳು, ಹಟದ ಅಳು, ಗಂಟಲು ಬಿಚ್ಚಿದ ಅಳು. ಫಕೀರವ್ವ ಫೋನನ್ನು ತೊಟ್ಟಿಲೊಳಗೆ ತಂದು ನನ್ನ ಪಕ್ಕಕ್ಕೆ ಹಿಡಿದಳು. "ಕೇಳಪಾ, ನಿನ್ನ ತಂಗಿ" ಎಂದಳು. ಎಷ್ಟೋ ತೊಟ್ಟಿಲು ಹಾಡು ಕೇಳಿದ್ದೇನೆ, ಅಷ್ಟು ಚಂದದ್ದನ್ನು ಕೇಳಿಲ್ಲ.

ಕೂಸು ಮನೆಗೆ ಬಂದ ದಿನ ಫಕೀರವ್ವ, "ಏಳಪಾ, ಜಾಗಾ ಬಿಡು" ಎಂದು ನನ್ನನ್ನು ಎತ್ತಿದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಜಾಗ ಬಿಟ್ಟಿರಲಿಲ್ಲ. ಈ ಸಲ ನನ್ನ ನೆತ್ತಿಯ ಮೇಲೂ ಒಂದು ಚಿಟಿಕೆ ಸಕ್ಕರೆ ಬಿತ್ತು. ಡಾಕ್ಟರ ಮಾತಿನಂತೆ ಲೋಬಾನದ ಕುಂಡ ಹಿತ್ತಿಲಿಗೆ ಹೋಯಿತು. ನೆಗಡಿಯವರು ಬಂದರೆ ಫಕೀರವ್ವ ಬಾಗಿಲಲ್ಲೇ ತಡೆದು, "ಅಲ್ಲಿಂದನ ಮಾತಾಡ್ಸವಾ, ನಿನ್ನ ಮುದ್ದು ಆಮ್ಯಾಲ ತಗೋತೇವಿ" ಎನ್ನುತ್ತಿದ್ದಳು.

ಈಗ ಮನೆಗೆ ಮಿಕ್ಸಿ ಬಂದಿದೆ. ಒರಳೂ ನಾನೂ ಹಿತ್ತಿಲಲ್ಲಿ ನಲ್ಲಿಯ ಪಕ್ಕ ಇದ್ದೇವೆ. ಗುಬ್ಬಿಗಳು ಒರಳಿನ ನೀರು ಕುಡಿಯುತ್ತವೆ. ಸಿಂಚವ್ವ ಸಾಲೆಯಲ್ಲಿ ಖೊಖೊ ಆಡುತ್ತಾಳೆ. ಸಂಜೆ ಓಡುತ್ತಲೇ ಬಂದು, ಒರಳಿನ ಅಂಚಿಗೆ ಕೂತು, ನನ್ನ ಮೇಲೆ ಕೈಯೂರಿ ಏದುಸಿರು ಬಿಡುತ್ತಾಳೆ. ಆ ಉಸಿರು ಅವಳ ಅಂಗೈಯಿಂದ ನನ್ನ ಮೈಗೆ ತಿಳಿಯುತ್ತದೆ. ಇಷ್ಟು ಸಿಕ್ಕಿದೆಯಲ್ಲ, ನನ್ನ ಬಾಳಿಗೆ ಸಾಕು.

ನಿನ್ನೆಯೂ ಹಾಗೆಯೇ ಬಂದು ಕೂತಳು, ಕೂತಷ್ಟೇ ಬೇಗ ಎದ್ದಳು. ಮುದುಕಿಯಾದ ಫಕೀರವ್ವ ಕಟ್ಟೆಯ ಮೇಲಿಂದ ಗದರಿದಳು: "ಒಂದ ಗಳಿಗಿ ಸುಮ್ಮನ ಕೂಡ್ರಬಾರದ? ಆ ಗುಂಡಪ್ಪನ್ನ ನೋಡಿ ಕಲಿ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ನನ್ನ ಕಡೆ ನೋಡಿದಳು, ಮೊಮ್ಮಗಳ ಕಡೆ ನೋಡಿದಳು.

"ಬ್ಯಾಡವಾ ಬ್ಯಾಡ" ಎಂದಳು. "ನೀ ಓಡು."