ಮಾಳಿಗೆಯ ಮೇಲಿನ ಕಡ್ಡಿ

ತಗಡಿನ ಮೇಲೆ ಒಂದೇ ಒಂದು ಹನಿ ಬಿತ್ತು. ಟಪ್.

ರಾತ್ರಿ ಹತ್ತೂಕಾಲು ದಾಟಿತ್ತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ನಾಯಿಗಳೂ ಸುಮ್ಮನಾಗಿದ್ದವು. ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತು ಎರಡನೆಯ ಹನಿಗಾಗಿ ಕಿವಿಗೊಟ್ಟೆ. ಅದು ಬೀಳಲಿಲ್ಲ. ಆದರೆ ಪಡುವಣ ಕಿಟಕಿಯಲ್ಲಿ, ಬೆಳಗಾವಿಯ ದಿಕ್ಕಿಗೆ, ಆಕಾಶ ಸದ್ದಿಲ್ಲದೆ ಒಮ್ಮೆ ಬೆಳಗಿ ಆರಿತು.

ಬೆಂಗಳೂರಿನಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರುವ ಸಂಜೆಯ ವಿಮಾನ ಅಂದು ಮೂರು ತಾಸು ತಡವಾಗಿ ಹೊರಟಿತ್ತು. ಏಟಿಆರ್, ರೆಕ್ಕೆಗೊಂದು ಪಂಖವಿರುವ ಸಣ್ಣ ವಿಮಾನ. ಅದರ ಏಳನೆಯ ಸಾಲಿನ ಕಿಟಕಿಯ ಪಕ್ಕದಲ್ಲಿ ನನ್ನ ಗಂಡ ಮಧು ಕುಳಿತಿದ್ದರು. ಬೀಜದಂಗಡಿಯವರ ತರಬೇತಿಯೆಂದು ಬೆಂಗಳೂರಿಗೆ ಹೋದವರು. ಬರುವಾಗ ವಿಮಾನದಲ್ಲಿ ಬನ್ನಿ ಎಂದು ಹಟ ಹಿಡಿದವಳು ನಾನು. ಸೀಟನ್ನು ಆರಿಸಿದವಳೂ ನಾನೇ.

ಅತ್ತೆ ತಂಗೆವ್ವನವರಿಗೆ ಇದು ಗೊತ್ತಿರಲಿಲ್ಲ. "ನೆಲಾ ಬಿಟ್ಟ ಗಾಡಿ ಒಂದ ಹತ್ತಬ್ಯಾಡಪಾ" ಎಂದು ಅವರು ಮಗನಿಂದ ಹಿಂದೆಯೇ ಮಾತು ತೆಗೆದುಕೊಂಡಿದ್ದರು. ಮಧ್ಯಾಹ್ನದ ಬೆಳಗಾವಿ ಬಸ್ಸು ಹಿಡಿದು ರಾತ್ರಿ ದಾರಿಯಲ್ಲಿ ಕಿತ್ತೂರಿನಲ್ಲಿ ಇಳಿದು ಬರುತ್ತಾರೆ ಎಂದು ನಾನು ಅವರಿಗೆ ಸುಳ್ಳು ಹೇಳಿದ್ದೆ. ಪಕ್ಕದ ಕೋಣೆಯಲ್ಲಿ ಅವರು ನಿದ್ದೆ ಮಾಡದೆ ಮಗನ ದಾರಿ ಕಾಯುತ್ತಿದ್ದರು.

ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಹೆದರಿಕೆ ಹುಟ್ಟಿಸುವುದನ್ನು ಓದಿ ತಿಳಿದುಕೊಂಡರೆ ಹೆದರಿಕೆ ಇಳಿಯುತ್ತದೆ ಎಂದು ನಂಬಿದವಳು. ಹಾಗೆ ಓದುತ್ತ ಓದುತ್ತ ವಿಮಾನಗಳ ಹುಚ್ಚು ಹಿಡಿಯಿತು. ಪ್ರತಿ ವಿಮಾನವೂ ತನ್ನ ಎತ್ತರ, ವೇಗ, ಇರುವ ಜಾಗವನ್ನು ಕ್ಷಣಕ್ಷಣಕ್ಕೂ ಸಾರುತ್ತ ಹೋಗುತ್ತದೆ. ಆ ಸಂಕೇತ ಹಿಡಿಯಲು ಒಂದು ಸಣ್ಣ ರಿಸೀವರ್ ತರಿಸಿ, ಅದರ ಗೇಣುದ್ದದ ಆಂಟೆನಾವನ್ನು ಮಾಳಿಗೆಯ ಕಟ್ಟೆಯ ಮೇಲೆ ನಿಲ್ಲಿಸಿದ್ದೆ. ಅತ್ತೆ ಅದನ್ನು ನನ್ನ ಕಡ್ಡಿ ಎನ್ನುತ್ತಿದ್ದರು.

ನಮ್ಮ ಕಡೆ ಇಂಥ ಹುಚ್ಚಿನವರು ಹನ್ನೊಂದು ಮಂದಿ ಇದ್ದೇವೆ. ಫೋನಿನಲ್ಲಿ ಒಂದು ಗುಂಪು. ಎಲ್ಲರ ರಿಸೀವರ್ ಹಿಡಿದದ್ದೂ ಒಂದೇ ನಕ್ಷೆಯಲ್ಲಿ ಕಾಣುತ್ತದೆ. ಮೂಡಣ ದಿಕ್ಕಿನಿಂದ ಸಾಂಬ್ರಾಕ್ಕೆ ಇಳಿಯುವ ವಿಮಾನದ ಕೊನೆಯ ಸಾವಿರ ಅಡಿ ಗುಂಪಿಗೆ ಕಾಣುವುದು ನನ್ನ ಮಾಳಿಗೆಯಿಂದ ಮಾತ್ರ. ಅಂದು ರಾತ್ರಿ ಗುಂಪಿನ ಫೋನ್ ಕರೆಯಲ್ಲಿ ನನ್ನ ಜೊತೆ ಇಬ್ಬರಿದ್ದರು. ಯರಗಟ್ಟಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ವಿರೂಪಾಕ್ಷ, ರಾಮದುರ್ಗದ ವಿಜ್ಞಾನದ ಮಾಸ್ತರ ಯುವರಾಜ.

"ಪಾರೋ ಏರ್‌ಪೋರ್ಟಿನ್ಯಾಗ ಗುಡ್ಡದ ನಡಕ ತಿರಗಿ ತಿರಗಿ ಇಳಸ್ತಾರೋ ಯಪ್ಪಾ. ರನ್‌ವೇ ಕಾಣೂದ ಕಡೀಕ," ಎಂದ ವಿರೂಪಾಕ್ಷ.

"ನೀ ಯಾವಾಗ ಹೋಗಿದ್ದಿ ಭೂತಾನಕ್ಕ?" ಎಂದ ಯುವರಾಜ.

"ಕಂಪ್ಯೂಟರಿನ ಆಟದಾಗ ಮೂರು ಸಲ ಇಳಿಸೇನಿ."

"ಹಳೇ ಟ್ರ್ಯಾಕ್ಟರಿನ ಸೀಟಿನ ಮ್ಯಾಲ ಕುಂತು!"

"ಸೀಟು ಯಾವದಾದರೇನು? ಎರಡು ಸಲ ಗುಡ್ಡಕ್ಕ ಬಡದೇನಿ, ಆ ಮಾತು ಬ್ಯಾರೆ."

ಯುವರಾಜ ನಕ್ಕ. "ಅದ್ಕಿಂತಾ ಲುಕ್ಲಾ ನೋಡು, ನೇಪಾಳದ್ದು. ರನ್‌ವೇನ ಏರು. ಆ ತುದೀಗೆ ಗುಡ್ಡ, ಈ ತುದೀಗೆ ಕೊಳ್ಳ. ಇಳಿಯಾಕ ಹತ್ತಿದ್ರ ಮುಗೀತು, ತಿರಗಿ ಏಳೂದ ಇಲ್ಲ. ಅಕ್ಕಾರ, ನೀವ್ಯಾಕ ಸುಮ್ಮನ ಅದೀರಿ?"

"ಗಾಳಿ ನೋಡಾಕತ್ತೇನ್ರಿ," ಎಂದೆ.

ಮಧು ಆ ವಿಮಾನದಲ್ಲಿದ್ದಾರೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ಅವರ ನಗು ನಿಲ್ಲುತ್ತಿತ್ತು. ಅವರು ನಗುವಷ್ಟು ಹೊತ್ತು ಎಲ್ಲವೂ ಸರಿಯಾಗಿದೆ ಎಂದು ನನಗೆ ಧೈರ್ಯವಿತ್ತು.

ಪರದೆಯ ಮೇಲೆ ವಿಮಾನದ ಹಳದಿ ಚುಕ್ಕೆ ನೇಸರಗಿಯ ಉತ್ತರಕ್ಕೆ ಬಂದು ಪಡುವಣಕ್ಕೆ ತಿರುಗಿತು. ಐದು ಸಾವಿರ ಅಡಿ. ನಾಲ್ಕು ಸಾವಿರದ ಇನ್ನೂರು. ಮೂರು ಸಾವಿರದ ಆರು ನೂರು. ಸಾಂಬ್ರಾದ ನೆಲವೇ ಎರಡೂವರೆ ಸಾವಿರ ಅಡಿ ಎತ್ತರದ್ದು, ಹಾಗಾಗಿ ಉಳಿದದ್ದು ಸಾವಿರಕ್ಕೂ ಸ್ವಲ್ಪ ಹೆಚ್ಚು. ಒಮ್ಮೆಲೇ ಅಂಕಿಗಳು ಮೇಲೇರತೊಡಗಿದವು.

"ಎದ್ದ, ಎದ್ದ! ಗೋ-ಅರೌಂಡ್!" ವಿರೂಪಾಕ್ಷ ಚಪ್ಪಾಳೆ ತಟ್ಟಿದ. "ಮಳ್ಯಾಗ ರನ್‌ವೇ ಕಂಡಿಲ್ಲ ಅಂವಗ. ಮತ್ತ ಸುತ್ತಿ ಬರತಾನ ನೋಡ್ರಿ."

ಇಳಿಯದೆ ಮತ್ತೆ ಮೇಲೇಳುವುದು ಅಪಾಯವಲ್ಲ, ಜಾಣತನ. ಗುಂಪಿಗೆ ಹೊಸಬರು ಬಂದಾಗಲೆಲ್ಲ ನಾನೇ ಇದನ್ನು ವಿವರಿಸಿ ಬರೆದಿದ್ದೇನೆ. ಈಗ ನನ್ನ ಬರಹದ ಒಂದು ಮಾತೂ ನನ್ನ ನೆರವಿಗೆ ಬರಲಿಲ್ಲ. ಏಳನೆಯ ಸಾಲಿನ ಕಿಟಕಿಯಿಂದ ರೆಕ್ಕೆಯ ತುದಿಯ ದೀಪ ಕಾಣುತ್ತದೆ ಎಂದು ಮಧುವಿಗೆ ಹೇಳಿ ಕಳಿಸಿದ್ದೆ. ಈಗ ಅವರಿಗೆ ಆ ದೀಪದ ಸುತ್ತ ಬರೀ ಮಳೆ ಕಾಣುತ್ತಿರಬೇಕು.

ಚುಕ್ಕೆ ಅರ್ಧ ತಾಸು ಆಕಾಶದಲ್ಲಿ ಸುತ್ತು ಹಾಕಿತು. ಅಷ್ಟರಲ್ಲಿ ನಮ್ಮ ತಗಡಿನ ಮೇಲೂ ಮಳೆ ಸುರಿಯತೊಡಗಿತು. ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ ಕೇಳಿಸಿತು. ಮಾಳಿಗೆಯಲ್ಲಿ ಒಣಗಲು ಹಾಕಿದ್ದ ಸಂಡಿಗೆ ತರಲು ಹೋಗುತ್ತಿದ್ದಾರೆ ಎಂದುಕೊಂಡೆ. ಎದ್ದು ಹೋಗಿ ಕೈಜೋಡಿಸಬೇಕಿತ್ತು. ಏಳಲಾಗಲಿಲ್ಲ, ಚುಕ್ಕೆ ಮತ್ತೆ ಇಳಿಯುತ್ತಿತ್ತು.

ಮೂರು ಸಾವಿರದ ನಾಲ್ಕು ನೂರು. ಮೂರು ಸಾವಿರದ ಒಂದು ನೂರು.

ಮೇಲೆಲ್ಲೋ ಪಾತ್ರೆಯೊಂದು ಟಣ್ ಎಂದಿತು.

ಮೂರು ಸಾವಿರದ ಒಂದು ನೂರು. ಮೂರು ಸಾವಿರದ ಒಂದು ನೂರು. ಅಂಕಿ ಕದಲಲಿಲ್ಲ. ಸಂಕೇತ ನಿಂತರೂ ಚುಕ್ಕೆ ಒಂದು ನಿಮಿಷದಷ್ಟು ಹೊತ್ತು ಹಿಂದಿನ ವೇಗದಲ್ಲೇ ಸರಿಯುತ್ತ ಹೋಗುತ್ತದೆ. ನಮ್ಮಂಥವರು ಅದನ್ನೇ ವಿಮಾನವೆಂದು ನೋಡುತ್ತಿರುತ್ತೇವೆ. ಆಮೇಲೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ತಿರುಗಿತು.

"ಅಕ್ಕಾರ," ಯುವರಾಜನ ದನಿ ಸಣ್ಣದಾಗಿತ್ತು. "ನಿಮಗ ಕಾಣಾಕತ್ತೈತೇನ್ರಿ?"

"ಇಲ್ಲ."

"ನೆಲದಿಂದ ಆರು ನೂರು ಅಡಿ ಮ್ಯಾಲ ಇದ್ದಾಗ ಹೋತಲ್ರೀ. ಇಷ್ಟು ಎತ್ತರದಾಗ ನಿಮ್ಮ ರಿಸೀವರ್ ಎಂದೂ ಬಿಟ್ಟಿಲ್ಲ."

ಯಾರೂ ನಗಲಿಲ್ಲ. ನಾನು ಹೆದರಿಕೊಂಡಿದ್ದ ಮೌನ ಅದೇ.

ಕೊನೆಗೆ ವಿರೂಪಾಕ್ಷ ಬಾಯಿ ಬಿಟ್ಟ. "ಏನೋ ಆಗೇತಿ ಬಿಡ್ರಿ. ಯರಗಟ್ಟಿ ಸುದ್ದಿ ಗ್ರೂಪಿಗೆ ಒಂದು ಮಾತು ಹಾಕಲೇನು? ಮೊದಲ ನಾವ..."

"ಹಾಕಬ್ಯಾಡ್ರಿ!" ನನ್ನ ಕೂಗಿನ ಗುರುತು ನನಗೇ ಸಿಗಲಿಲ್ಲ.

"ಯಾಕ್ರೀ ಅಕ್ಕಾರ? ಏನಾತ್ರಿ?"

"ಏನಿಲ್ಲ. ನಾ ನೋಡಿ ಹೇಳೂತನಕ ಹಾಕಬ್ಯಾಡ್ರಿ."

ಕಾಲ್ ಕತ್ತರಿಸಿ ಮಧುವಿನ ನಂಬರ್ ಒತ್ತಿದೆ. ಸ್ವಿಚ್ ಆಫ್. ಹಾರುವ ವಿಮಾನದಲ್ಲಿ ಫೋನು ಆಫ್ ಆಗಿರಬೇಕು, ಸರಿ. ಇಳಿದಿದ್ದರೆ? ಮತ್ತೆ ಒತ್ತಿದೆ. ಅದೇ ಹೆಣ್ಣುದನಿ, ಅದೇ ಮಾತು. ಅತ್ತೆಗೆ ಹೇಗೆ ಹೇಳಲಿ? ಮೊದಲು ಮಧು ಸತ್ತ ಸುದ್ದಿ ಹೇಳಬೇಕೋ, ಬಸ್ಸಿನ ಸುಳ್ಳನ್ನು ಹೇಳಬೇಕೋ? ಮನಸ್ಸು 'ಸತ್ತ' ಎಂಬ ಮಾತನ್ನು ತಾನಾಗಿ ಆಡಿಬಿಟ್ಟಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ದಾರಿ ಗೊತ್ತಿರಲಿಲ್ಲ.

ವೈರು ಕಿತ್ತಿರಬಹುದು. ಅದೊಂದೇ ಆಸೆ ಹಿಡಿದು ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ.

ಅತ್ತೆ ಸಂಡಿಗೆಯ ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಮಾಳಿಗೆಯ ಕಟ್ಟೆಯ ಮೇಲೆ ಮಿಂಚಿನ ಬೆಳಕಿನಲ್ಲಿ ದೊಡ್ಡದೊಂದು ಅಲ್ಯುಮಿನಿಯಂ ಪಾತ್ರೆ, ನಮ್ಮ ಅಡುಗೆಮನೆಯ ಡಬರಿ, ಬೋರಲಾಗಿ ಹೊಳೆಯಿತು. ಅದರ ಮೇಲೊಂದು ಇಟ್ಟಂಗಿ.

"ನಿನ್ನ ಕಡ್ಡಿ ತೋಯ್ತಿತ್ತವಾ," ಎಂದರು ಅತ್ತೆ. "ನಸೀಬ, ಸಂಡಿಗಿ ಮ್ಯಾಲ ಮುಚ್ಚಿದ ಡಬರಿ ಕೈಯಾಗ ಇತ್ತು. ಅದನ್ನ ಡಬ್ಬ ಹಾಕೇನಿ. ನೀ ರೊಕ್ಕಾ ಕೊಟ್ಟು ತರಿಸಿದ್ದು, ಕೆಟ್ಟ ಹೋದ್ರ?"

ಮಳೆಗೆ ಏನೂ ಆಗದ ಕಡ್ಡಿ ಅದು. ಲೋಹದ ಡಬರಿ ಮುಚ್ಚಿದರೆ ಮಾತ್ರ ಕುರುಡಾಗುತ್ತದೆ. ನಾನು ಇಟ್ಟಂಗಿ ಸರಿಸಿ ಡಬರಿ ಎತ್ತಿದೆ. ನೀರು ಮೈಮೇಲೆ ಸುರಿಯಿತು. ಆದರೂ ಭಯ ಹೋಗಲಿಲ್ಲ. ಸಂಕೇತ ನಿಂತದ್ದು ಏಕೆಂದು ಗೊತ್ತಾಯಿತು, ಅಷ್ಟೆ. ಆ ಆರು ನೂರು ಅಡಿ ಹೇಗೆ ಮುಗಿಯಿತೆಂದು ಡಬರಿ ಹೇಳುವುದಿಲ್ಲ.

"ಹುಚ್ಚೀ, ಯಾಕ ತೋಯ್ಸಿಕೊಳ್ಳಾಕತ್ತಿ? ಒಳಗ ಬಾ," ಅತ್ತೆ ರಟ್ಟೆ ಹಿಡಿದು ಎಳೆದರು. "ಮಾರಿ ಯಾಕ ಹಿಂಗ ಬಿಳಿಚೇತಿ?"

ಆಗ ಕೈಯಲ್ಲಿದ್ದ ಫೋನು ಅಲುಗಿತು.

"ಇಳಿದ್ವಿ," ಎಂದರು ಮಧು. ಅವರ ದನಿ ನಡುಗುತ್ತಿತ್ತು, ನಗುವೂ ಇತ್ತು. "ಒಂದ ಸಲ ಬಂದು ಮತ್ತ ಏರಿಬಿಟ್ಟ ನೋಡು. ಬಾಜೂಕ ಕುಂತಾಕಿ ನನ್ನ ಕೈ ಹಿಡಕೊಂಡು ಅತ್ತಳು. ನಾನೂ ಅಳಾಂವ ಇದ್ದೆ. ನೀ ಹೇಳಿದ್ದಿ ಅಲ್ಲ, ಹಂಗ ಏರಿದ್ರ ಚಲೋ ಅಂತ. ಅದ ನೆನಪಾತು."

ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಯಾರು, ಮಧು ಏನ? ಎಲ್ಲಿ ಅದಾನಂತ?" ಅತ್ತೆ ಬಗ್ಗಿ ಕೇಳಿದರು.

"ಬೆಳಗಾವ್ಯಾಗ ಅದಾರ್ರಿ ಅತ್ತಿ. ಬಸ್ಸಿನ್ಯಾಗ ನಿದ್ದಿ ಹತ್ತಿ ಕಿತ್ತೂರು ದಾಟೇತಂತ್ರಿ."

"ಸಣ್ಣಾಂವ ಇದ್ದಾಗಿಂದ ಹಂಗ ಅಂವ. ಕುಂತಲ್ಲೆ ನಿದ್ದಿ," ಎಂದು ಅತ್ತೆ ನಕ್ಕರು. ನಿಶ್ಚಿಂತೆಯಿಂದ ಮೊರದಲ್ಲಿ ತೋಯ್ದ ಸಂಡಿಗೆಗಳನ್ನು ಬೇರೆ ಮಾಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ಕೇಳಿದರು: "ಕಡ್ಡಿ ಮುಚ್ಚಿದ್ದು ಚಲೋ ಆತಿಲ್ಲ?"

"ಚಲೋ ಆತ್ರಿ."

ಕೋಣೆಗೆ ಬಂದಾಗ ಗುಂಪಿನಲ್ಲಿ ಇಪ್ಪತ್ತೆಂಟು ಸಂದೇಶಗಳಿದ್ದವು. ಸಾಂಬ್ರಾದಲ್ಲಿ ಟ್ಯಾಕ್ಸಿ ಓಡಿಸುವ ಗೆಳೆಯನನ್ನು ವಿರೂಪಾಕ್ಷ ಫೋನಿನಲ್ಲಿ ಹಿಡಿದು, ವಿಮಾನ ಇಳಿದದ್ದನ್ನು ಖಾತ್ರಿ ಮಾಡಿಕೊಂಡಿದ್ದ. ಸುದ್ದಿ ಗ್ರೂಪಿಗೆ ಏನೂ ಹಾಕಿರಲಿಲ್ಲ. ಈಗ ಮತ್ತೆ ನಗು ಶುರುವಾಗಿತ್ತು. ಕೊನೆಗೆ ಯುವರಾಜ ಕೇಳಿದ್ದ: "ಅಕ್ಕಾರ, ಖರೇ ಹೇಳ್ರಿ, ನಿಮ್ಮ ಕಡೆ ಏನಾಗಿತ್ತು?"

ಬರೆಯಲು ಬಹಳ ಇತ್ತು. ಡಬರಿಯದು ಬರೆದರೆ ಅವರು ವಾರಗಟ್ಟಲೆ ನಗುತ್ತಿದ್ದರು. ಮಧು ಕೇಳಿದರೂ ನಗುತ್ತಿದ್ದರು, ನಕ್ಕು ತಾಯಿಗೂ ಹೇಳಿಬಿಡುತ್ತಿದ್ದರು. ತಾವು ಇಟ್ಟ ಡಬರಿಯೊಳಗೆ ತಮ್ಮ ಮಗ ನನ್ನ ಪಾಲಿಗೆ ಹನ್ನೆರಡು ನಿಮಿಷ ಸತ್ತಿದ್ದ ಎಂದು ಆ ಮುದುಕಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಅವರು ಮಗ ಬಂದರೆ ಇರಲಿ ಎಂದು ಅನ್ನಕ್ಕೆ ಅಕ್ಕಿ ತೊಳೆಯುತ್ತಿದ್ದರು.

ವೈರು ಸಡಿಲಾಗಿತ್ತು ಎಂದು ಬರೆದು ಕಳಿಸಿದೆ. ಈ ರಾತ್ರಿಯ ಉಳಿದ ಮಾತು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿ, ಲ್ಯಾಪ್‌ಟಾಪು ಮುಚ್ಚಿ, ಸೀರೆ ಬದಲಿಸಲು ಹೋದೆ.